ನೆಲ ನೋಡಿ ನಡೆಯುವ ಹುಡುಗಿ

ಕಾಫಿ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಟ ಪ್ರಮೋದಾ ನಡುಮನೆ ತಲುಪುವವರೆಗೂ ನೆಲದಿಂದ ಕಣ್ಣು ಕೀಳಲಿಲ್ಲ.

"ಅಬ್ಬಬ್ಬಾ, ಎಂಥಾ ನಾಚಿಕೆ ನೋಡ್ರಮ್ಮಾ!" ಹುಡುಗನ ತಾಯಿ ಪಾಪಕ್ಕ ಕೆನ್ನೆಗೆ ಬೆರಳಿಟ್ಟರು. "ಈ ಕಾಲದಲ್ಲಿ ತಲೆ ತಗ್ಗಿಸಿ ನಡೆಯೋ ಹೆಣ್ಮಕ್ಳು ಎಲ್ಲವ್ರೆ? ನಮ್ ಜಡಿಗೇನಹಳ್ಳೀಲಿ ದುರ್ಬೀನು ಹಾಕಿ ಹುಡುಕಿದ್ರೂ ಸಿಕ್ಕಲ್ಲ."

"ನಮ್ಮನೆ ಹೆಣ್ಮಕ್ಳೇ ಹಂಗೆ ಕಣಮ್ಮ," ಎಂದು ಅಜ್ಜಿ ಅಕ್ಕಯಮ್ಮ ಆ ಹೊಗಳಿಕೆಯನ್ನು ತಟ್ಟನೆ ಸೆರಗಿಗೆ ಕಟ್ಟಿಕೊಂಡರು. ಅಪ್ಪ ನರಸಿಂಹಯ್ಯ ಮಾತ್ರ ಕಿಟಕಿಯಾಚೆ ನೋಡಿದರು.

ಪ್ರಮೋದಾಳಿಗೆ ನಾಚಿಕೆ ಇದ್ದದ್ದು ನಿಜ. ಆದರೆ ನೆಲ ನೋಡಿದ್ದು ಅದಕ್ಕಲ್ಲ. ಡಿಗ್ರಿ ಮುಗಿಸಿದ ಹೊಸದರಲ್ಲಿ ಒಂದು ಜ್ವರ ಬಂದು ಹೋದ ಬೆನ್ನಿಗೇ ಅವಳ ಕಾಲುಗಳ ಬಲವೆಲ್ಲ ಉಡುಗಿಹೋಗಿತ್ತು. ನರದ ಕಾಯಿಲೆ ಅಂದರು ಆಸ್ಪತ್ರೆಯಲ್ಲಿ. ಬಲವೇನೋ ಮರಳಿತು. ಆದರೆ ತಾನು ಎಲ್ಲಿದ್ದೇನೆ ಎಂಬ ಸುದ್ದಿಯನ್ನು ಪಾದ ಇವತ್ತಿಗೂ ಸರಿಯಾಗಿ ಕಳಿಸುವುದಿಲ್ಲ. ಕಣ್ಣೇ ನೋಡಿ ಹೇಳಬೇಕು. ನೋಡದೆ ಹೆಜ್ಜೆ ಇಟ್ಟರೆ ಬೀಳುತ್ತಾಳೆ.

ಇದನ್ನು ಕೇಳಿಯೇ ಎರಡು ಸಂಬಂಧ ಬಾಗಿಲಿಂದ ಹಿಂತಿರುಗಿದ್ದವು. "ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ. ನಾವು ಸುಳ್ಳು ಹೇಳ್ತಿದೀವಾ? ಸುಮ್ಕಿದೀವಿ, ಅಷ್ಟೇಯ," ಎಂದು ಅಜ್ಜಿ ಬೆಳಿಗ್ಗೆಯೇ ತೀರ್ಮಾನ ಕೊಟ್ಟಿದ್ದರು. ಆ ಸುಮ್ಮನಿರುವಿಕೆ ಪ್ರಮೋದಾಳಿಗೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗಿತ್ತು. ಹೇಳಿದರೆ ಈ ಸಂಬಂಧವೂ ಹೋಗುತ್ತದೆ. ಹೇಳದಿದ್ದರೆ ಜೀವಮಾನವಿಡೀ ನಾಚಿಕೆಯ ನಟನೆ.

ಲೋಟ ಕೊಡುವಾಗ ಒಮ್ಮೆ ಕದ್ದು ನೋಡಿದಳು. ಗುಂಗುರು ಕೂದಲು, ಒಂದೇ ಕೆನ್ನೆಯಲ್ಲಿ ಗುಳಿ. ಅಂಬರೀಶ್ ಚೆನ್ನಾಗಿದ್ದಾನೆ ಎಂದು ಮನಸ್ಸು ಪಿಸುಗುಟ್ಟುವಷ್ಟರಲ್ಲಿ ಅವನ ಕಣ್ಣು ಎಲ್ಲಿದೆಯೆಂದು ಕಂಡಿತು.

ಅವನು ಅವಳ ಮುಖ ನೋಡುತ್ತಿರಲಿಲ್ಲ. ಪಾದ ನೋಡುತ್ತಿದ್ದ.

ಹಿರಿಯರು ಇಬ್ಬರನ್ನೂ ಮಾತಾಡಿಕೊಂಡು ಬರಲೆಂದು ಹಿತ್ತಲಿಗೆ ಕಳಿಸಿದರು. ಚಕ್ಕೋತದ ಮರದ ನೆರಳಿನಲ್ಲಿ ಬಟ್ಟೆ ಒಣಹಾಕುವ ಕಂಬಕ್ಕೆ ಒಂದು ಕೈ ಆನಿಸಿ ನಿಂತ ಮೇಲೆ ಅವಳಿಗೆ ಉಸಿರು ಬಂತು.

"ನಿಮ್ಮ ಕೆಲಸ ಏನು ಅಂತ ಅಪ್ಪ ಹೇಳಿದ್ರು. ನಂಗೆ ಅರ್ಥ ಆಗ್ಲಿಲ್ಲ."

"ನಮ್ಮಮ್ಮಂಗೂ ಆಗಿಲ್ಲ. ಊರಿಗೆಲ್ಲ 'ನರದ ಡಾಕ್ಟ್ರು' ಅಂತ ಸಾರ್ಕೊಂಡು ಬಂದವ್ಳೆ. ನಾನು ಊರಿಗೆ ಹೋದ್ರೆ ಸೊಂಟ ನೋವು ಅಂತ ಕ್ಯೂ ನಿಲ್ತಾರೆ."

ಪ್ರಮೋದಾಳಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಿಂದ ಧೈರ್ಯ ಬಂದವನಂತೆ ಅವನು ಅಲ್ಲಿದ್ದ ಬಾಳೆಯ ಬುಡ ತೋರಿಸಿದ. ಗೊನೆ ಇಳಿಸಿದ ಮೇಲೆ ಮೊನ್ನೆಯಷ್ಟೇ ಅದನ್ನು ಕಡಿದಿದ್ದರು.

"ಇಲ್ಲಿ ನೋಡಿ. ಮಧ್ಯ ದಿಂಡು, ಸುತ್ತ ಪಟ್ಟೆ ಮೇಲೆ ಪಟ್ಟೆ. ನರಾನೂ ಹಿಂಗೇ ಇರುತ್ತೆ. ಆ ಸುತ್ತುಗಳಿಗೆ ಮೈಲಿನ್ ಅಂತೀವಿ. ಅದು ಬಿಚ್ಚಿಹೋದ್ರೆ ಸುದ್ದಿ ದಾರೀಲೇ ಸೋರಿಹೋಗುತ್ತೆ. ಒಂದು ಸುತ್ತನ್ನ ಇನ್ನೊಂದಕ್ಕೆ ಅಂಟಿಸಿ ಹಿಡಿಯೋ ಪ್ರೋಟೀನ್ ಒಂದಿದೆ. ಪಿಎಚ್‌ಡಿಗೆ ಸೇರಿದಾಗಿಂದ ಅದೊಂದನ್ನೇ ನೋಡ್ತಿದೀನಿ."

"ಅದೊಂದನ್ನೇನಾ? ಬೇಜಾರಾಗಲ್ವಾ?"

"ಇಷ್ಟ ಆದ್ರೆ ಆಗಲ್ಲ," ಎಂದ, ಈ ಸಲ ನೇರ ಅವಳ ಕಣ್ಣನ್ನೇ ನೋಡುತ್ತ.

ಪ್ರಮೋದಾಳ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ನೆತ್ತಿಯ ಮೇಲೆ ವಿಮಾನವೊಂದು ಇಳಿಯುತ್ತ ಹೋಯಿತು. ವಿಮಾನ ನಿಲ್ದಾಣಕ್ಕೆ ಹತ್ತಿರವಾದ ಅವರ ಊರು ಕುಂದಾಣದಲ್ಲಿ ಆ ಸದ್ದು ಮುಗಿಯುವವರೆಗೆ ಮಾತು ನಿಲ್ಲಿಸುವುದು ಎಲ್ಲರಿಗೂ ರೂಢಿ. ಅದು ಬೇಗ ಹೋಗಲಿ, ಇವನಿಗೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಅವಳು ಮಾತು ಜೋಡಿಸಿಕೊಳ್ಳತೊಡಗಿದಳು.

ಸದ್ದು ಅಡಗಿದಾಗ ಅವನೇ ಮೊದಲು ಬಾಯಿ ತೆರೆದ.

"ಒಂದು ಕೇಳ್ಲಾ? ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ... ಒಂದು ಕೈಲಿ ನಲ್ಲಿ ಹಿಡ್ಕೊತೀರಾ?"

ಅವಳು ಬೆಚ್ಚಿದಳು. ಬಚ್ಚಲಿನ ಬಾಗಿಲು ಮುಚ್ಚಿಕೊಂಡು ಮಾಡುವ ಕೆಲಸ ಅದು. ಮನೆಯವರಿಗೂ ಗೊತ್ತಿಲ್ಲ.

"ಯಾರು ಹೇಳಿದ್ರು?"

"ಯಾರೂ ಇಲ್ಲ. ನೀವು ನಡೆದು ಬಂದಿದ್ದು ನೋಡಿ..."

"ಅದಕ್ಕೇನಾ ಕಾಲು ನೋಡ್ತಿದ್ದಿದ್ದು?" ಇಷ್ಟು ಗಟ್ಟಿ ಧ್ವನಿ ತನಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಎಲ್ರೂ ಹೆಣ್ಣು ನೋಡೋಕೆ ಬರ್ತಾರೆ. ನೀವು ಕಾಯಿಲೆ ನೋಡೋಕೆ ಬಂದ್ರಾ? ನಾನೇನು ನಿಮ್ಮ ಲ್ಯಾಬಿನ ಇಲೀನಾ? ಇನ್ನೇನು, ನಾನೇ ಹೇಳೋಳಿದ್ದೆ. ಅದನ್ನೂ ಕಿತ್ಕೊಂಡ್ರಿ. ಹೋಗಿ, ಒಪ್ಪಿಗೆ ಇಲ್ಲ ಅಂತ ಹೇಳ್ಬಿಡಿ. ನಮ್ಮೋರಿಗೆ ಅಭ್ಯಾಸ ಆಗಿದೆ."

ಅಂಬರೀಶ್ ತಲೆ ತಗ್ಗಿಸಿ ಒಳಗೆ ನಡೆದ.

ಆ ವಾರ ಪ್ರಮೋದಾಳಿಗೆ ತನ್ನ ಮನಸ್ಸೇ ಅರ್ಥವಾಗಲಿಲ್ಲ. ಬೇಡವೆಂದವಳು ತಾನೇ, ಅಪ್ಪನ ಫೋನ್ ರಿಂಗಾದರೆ ಕಿವಿ ನಿಮಿರಿಸುವವಳೂ ತಾನೇ. ಅವನ ಕೆನ್ನೆಯ ಗುಳಿ ಬಲಗಡೆಯೋ ಎಡಗಡೆಯೋ ಎಂದು ನೆನಪು ಮಾಡಿಕೊಳ್ಳಲು ಹೋಗಿ, ಒಲೆಯ ಮೇಲಿನ ಹಾಲು ಉಕ್ಕಿಸಿ ಅಜ್ಜಿಯಿಂದ ಬೈಸಿಕೊಂಡಳು.

ಭಾನುವಾರ ಪಾಪಕ್ಕ ಹೂವು ಹಣ್ಣಿನ ಬುಟ್ಟಿ ಹಿಡಿದೇ ಇಳಿದರು. "ನಮ್ ಹುಡ್ಗ ಒಪ್ಪವ್ನೆ. ಇವತ್ತೇ ತಾಂಬೂಲ ಬದ್ಲಾಯ್ಸಣ. ಇಂಥಾ ನಾಚಿಕೆ ಇರೋ ಸೊಸೆ ಎಲ್ಲಿ ಸಿಗ್ತಾಳೆ!"

ಜಗುಲಿಯಲ್ಲಿ ಚಪ್ಪಲಿ ಬಿಡುತ್ತಿದ್ದ ಅಂಬರೀಶನನ್ನು ಪ್ರಮೋದಾ ತಡೆದಳು. "ನಿಮ್ಮಮ್ಮಂಗೆ ಹೇಳಿಲ್ವಾ? ನೀವೂ ಮುಚ್ಚಿಟ್ರಾ?"

"ನಂಗೆ ಒಪ್ಪಿಗೆ ಅಂತ ಮಾತ್ರ ಹೇಳಿದೀನಿ. ಉಳಿದಿದ್ದು ನೀವು ಹೇಳೋ ಮಾತು. ಒಂದ್ಸಲ ಕಿತ್ಕೊಂಡಿದ್ದೇ ಸಾಕಾಗಿದೆ." ಚಪ್ಪಲಿಯನ್ನು ಗೋಡೆಯ ಬದಿಗೆ ಸರಿಸುತ್ತ ಸೇರಿಸಿದ, "ಹೇಳಿದ್ರೆ ಅಮ್ಮ ಏನಂತಾಳೋ ನಂಗೂ ಗೊತ್ತಿಲ್ಲ. ನನ್ನ ಒಪ್ಪಿಗೆ ಮಾತ್ರ ಬದಲಾಗಲ್ಲ."

ಪ್ರಮೋದಾ ಸೆರಗನ್ನು ಬಿಗಿಯಾಗಿ ಹಿಡಿದು ಒಳಗೆ ನಡೆದಳು. ಅಜ್ಜಿ ಕಣ್ಣಲ್ಲೇ ಗದರಿಸಿದರು. ಅವಳು ಆ ಕಡೆ ನೋಡಲಿಲ್ಲ.

"ಅಮ್ಮಾ, ನಂದು ನಾಚಿಕೆ ಅಲ್ಲ," ಎಂದು ಪಾಪಕ್ಕನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಜ್ವರ, ಆಸ್ಪತ್ರೆ, ಬೀಳುವುದು, ತಿರುಗಿಹೋದ ಸಂಬಂಧಗಳು. ಒಂದನ್ನೂ ಬಿಡಲಿಲ್ಲ.

ಪಾಪಕ್ಕ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ನರಸಿಂಹಯ್ಯನವರ ಮುಖ ಕಪ್ಪಿಟ್ಟಿತು.

"ಮಕ್ಕಳಿಗೆ ಬರ್ತದೇನ್ಲಾ ಇದು?" ಪಾಪಕ್ಕ ಮಗನನ್ನು ಕೇಳಿದರು.

"ಇಲ್ಲಮ್ಮ, ಹಂಗೆ ಬರೋ ಕಾಯಿಲೆ ಅಲ್ಲ. ಹೋದ ಸುತ್ತು ತಿರುಗಿ ಬೆಳೆಯುತ್ತೆ. ಮೊದಲಿನಷ್ಟು ದಪ್ಪ ಇರಲ್ಲ, ಅಷ್ಟೇ."

ಪಾಪಕ್ಕ ಅಕ್ಕಯಮ್ಮನ ಕಡೆ ತಿರುಗಿದರು. "ಅಲ್ಲ ಅಜ್ಜೀ, ನಿಮಗೆ ಬುದ್ಧಿ ಐತಾ? ನಡೆಯೋಕೆ ಇಷ್ಟು ಕಷ್ಟಪಡೋ ಮಗೂನ ಕೈಲಿ ಕುದಿಯೋ ಕಾಫಿ ಹೊರ್ಸಿ ಕಳ್ಸಿದ್ರಲ್ಲ, ಮೈಮೇಲೆ ಬಿದ್ದಿದ್ರೆ!"

ಅಜ್ಜಿ ಸೆರಗಿನ ತುದಿ ಕೊಡವುತ್ತ ಅಡುಗೆಮನೆಗೆ ಎದ್ದುಹೋದರು.

"ಹಂಗಾರೆ ನಿಂಗೆ ನಾಚಿಕೆ ಇಲ್ವೇನೇ?" ಪಾಪಕ್ಕ ಪ್ರಮೋದಾಳ ಗಲ್ಲ ಹಿಡಿದೆತ್ತಿದರು.

"ಸ್ವಲ್ಪ ಇದೆ," ಎಂದಳು ಪ್ರಮೋದಾ, ಕಣ್ಣೀರೊರೆಸಿಕೊಳ್ಳುತ್ತ. ಪಾಪಕ್ಕ ಜೋರಾಗಿ ನಕ್ಕು ಬುಟ್ಟಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ತಟ್ಟೆ ಜೋಡಿಸುವ ಗಡಿಬಿಡಿಯಲ್ಲಿ ಅಂಬರೀಶ್ ಹಿತ್ತಲ ಬಾಗಿಲ ಬಳಿ ಸಿಕ್ಕಿದ.

"ಅವತ್ತು ಕಾಲು ನೋಡಿದ್ದು ನಿಜ. ತಪ್ಪಾಯ್ತು," ಎಂದ. "ಆದ್ರೆ ಬೈದ್ರಲ್ಲ, ಆಗ ಮುಖ ನೋಡಿದೆ. ಇಡೀ ವಾರ ಲ್ಯಾಬಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ರೂ ಅದೇ ಮುಖ. ಕೆಲಸ ಕೆಟ್ಟು ಗೈಡ್ ಹತ್ರಾನೂ ಬೈಸ್ಕೊಂಡೆ. ಎಲ್ರ ಒಪ್ಪಿಗೇನೂ ಆಯ್ತು, ನಿಮ್ಮ ಒಪ್ಪಿಗೆ ಮಾತ್ರ ಯಾರೂ ಕೇಳಿಲ್ಲ."

"ಒಂದು ಷರತ್ತಿದೆ. ಪರೀಕ್ಷೆ ಮಾಡೋ ಕಣ್ಣನ್ನ ಲ್ಯಾಬಲ್ಲೇ ಬಿಟ್ಟು ಬರ್ಬೇಕು."

"ಸರಿ. ಮತ್ತೆ, ನೀವು ಬಿದ್ರೆ?"

"ಬಿದ್ರೆ ಗಂಡ ಬಂದು ಎತ್ಲಿ. ವಿಜ್ಞಾನಿ ಬೇಡ."

ಅಂದ ಮೇಲೆ ಅವಳಿಗೇ ಕೇಳಿಸಿತು, ಬಾಯಿಂದ ಬಂದದ್ದು ಏನೆಂದು. ಅವನ ಕೆನ್ನೆಯಲ್ಲಿ, ಬಲಗಡೆಯೇ, ನಿಧಾನವಾಗಿ ಗುಳಿ ಬಿತ್ತು.

"ಏನಂದ್ರಿ?"

"ಏನಿಲ್ಲ."

"ಇನ್ನೊಂದ್ಸಲ ಹೇಳ್ರೀ, ಸರಿಯಾಗಿ ಕೇಳಿಸ್ಲಿಲ್ಲ."

"ಕೇಳಿಸಿದೆ ನಿಮಗೆ," ಎಂದು ಪ್ರಮೋದಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.