ಸವೆಯದ ಮಂತ್ರದಂಡ

ಬಹಳ ಹಿಂದೆ, ಬೇಸಿಗೆಯಲ್ಲಿ ಎರಡು ತಿಂಗಳು ಸೂರ್ಯ ಮುಳುಗುವುದನ್ನೇ ಮರೆಯುತ್ತಿದ್ದ ಬಡಗಣ ತುದಿಯಲ್ಲಿ ಒಂದು ರಾಜ್ಯವಿತ್ತು. ರಾಜ್ಯವೆಂದರೆ ಒಂದು ಉದ್ದನೆಯ ಕಣಿವೆ. ಅದರ ತಲೆಯಲ್ಲಿ ಗುಡ್ಡದಷ್ಟು ದಪ್ಪದ ಮಂಜುಗಡ್ಡೆ. ಕಣಿವೆ ಕೊರೆದವರು ಯಾರೆಂದು ಯಾರೂ ಕೇಳಿರಲಿಲ್ಲ. ಅದರಲ್ಲಿ ಬದುಕುವುದೇ ಸಾಕಷ್ಟು ಕೆಲಸವಾಗಿತ್ತು.

ಒಂದು ದಿನ ಧೂಮಾಕ್ಷನೆಂಬ ಮಾಂತ್ರಿಕ ಬಂದ. "ಈ ಕಣಿವೆಯನ್ನು ಈ ದಂಡದಿಂದ ಕೊರೆದವನು ನಾನು. ಎಲ್ಲರೂ ಖಾಲಿ ಮಾಡಿ. ಅಲ್ಲ ಅನ್ನುವವರು ಕೊರೆದವರನ್ನು ತೋರಿಸಿ. ತಪ್ಪಿದವರು ಬಂಡೆಯಾಗಬೇಕು. ನೀವು ಗೆದ್ದರೆ ಬಂಡೆಯಾದವರು ಎದ್ದುಬರುತ್ತಾರೆ, ನಾನು ಬಂಡೆಯಾಗುತ್ತೇನೆ. ಸೂರ್ಯ ಮುಳುಗುವ ತನಕ ಗಡುವು."

ಆ ವರ್ಷದ ಬೇಸಿಗೆ ಮುಗಿದು ಸೂರ್ಯ ಮುಳುಗಲು ಮೂರು ದಿನವಿತ್ತು.

ರಾಜಪುರೋಹಿತರು "ಭೂಕಂಪ" ಎಂದರು; ಬಂಡೆಯಾದರು. ಸೇನಾಪತಿ "ನಮ್ಮಜ್ಜನ ಸೈನ್ಯ" ಎಂದ. ತುಸು ದೊಡ್ಡ ಬಂಡೆಯಾದ. ಮೂರನೆಯವನು ಕೆಂಚ, "ಗೊತ್ತಿಲ್ಲ" ಎಂದ. ಪ್ರಾಮಾಣಿಕತೆಗೆ ರಿಯಾಯಿತಿ ಇರಲಿಲ್ಲ.

ಕೆಂಚನ ಅಕ್ಕ ತಿಪ್ಪವ್ವ, ಸವೆದ ಬೀಸುಕಲ್ಲುಗಳಿಗೆ ಉಳಿಯಿಂದ ಮತ್ತೆ ಕಚ್ಚು ಹೊಡೆದುಕೊಡುವವಳು. ಅವಳು ಬಂಡೆಯಲ್ಲಿ ತಮ್ಮನ ತಲೆಯಿದ್ದಿರಬಹುದಾದ ಜಾಗವನ್ನು ಸವರಿ, ಕಣಿವೆ ಹತ್ತಿದಳು. ಕಣಿವೆಯ ನೆಲದ ಹಾಸುಬಂಡೆಯ ಮೇಲಿನ ಗೀರುಗಳೆಲ್ಲ ಒಂದೇ ದಿಕ್ಕಿಗಿದ್ದವು. ಹೊಳೆಯ ನೀರು ಹಾಲಿನಂತೆ ಬೆಳ್ಳಗಿತ್ತು. ಬೆರಳಲ್ಲಿ ಉಜ್ಜಿದಳು: ಹಿಟ್ಟು, ಕಲ್ಲಿನ ಹಿಟ್ಟು. ಮಂಜುಗಡ್ಡೆಗೆ ಕಿವಿಯಿಟ್ಟಳು.

"ಬೀಸುತ್ತಿರುವುದು ನೀನಾ?"

"ಹೌದವ್ವ" ಎಂದಿತು ಮಂಜುಗಡ್ಡೆ. ಆ ಮಾತು ಮುಗಿಯಲು ಒಂದು ದಿನ ಹಿಡಿಯಿತು.

"ಬಂದು ಸಾಕ್ಷಿ ಹೇಳ್ತೀಯಾ?"

"ಹೊರಟೆ."

ದಿನಕ್ಕೆ ಒಂದು ಗೇಣು ಅದರ ನಡಿಗೆ. ತಿಪ್ಪವ್ವ ಅದರ ಬುಡದಿಂದ ಕಲ್ಲು ಕಚ್ಚಿಕೊಂಡಿದ್ದ ಒಂದು ಗಡ್ಡೆ ಒಡೆದು ಹೊತ್ತುಕೊಂಡು ಇಳಿದಳು.

ಸೂರ್ಯ ಅರ್ಧ ಮುಳುಗಿದ್ದ. ಅವಳು ಧೂಮಾಕ್ಷನಿಗೆ ತನ್ನ ಉಳಿ ತೋರಿಸಿದಳು. "ಮೊಳದುದ್ದ ಇತ್ತು ಸ್ವಾಮಿ. ಊರಿನ ಬೀಸುಕಲ್ಲು ಕಡಿದೇ ಗೇಣಿಗೆ ಬಂತು. ನಿಮ್ಮ ದಂಡ ಇಡೀ ಕಣಿವೆ ಕೊರೆದೂ ತುದಿಯ ಬಣ್ಣ ಹೋಗಿಲ್ಲವಲ್ಲ?"

"ಮಂತ್ರದ ದಂಡ ಸವೆಯೋದಿಲ್ಲ ಕಣಮ್ಮ."

"ಇರಲಿ. ಕೊರೆದ ಕಲ್ಲಿನ ಹಿಟ್ಟೆಲ್ಲಿ?"

"ಯಾವ ಹಿಟ್ಟು?"

ಚಳಿಯೆಂದು ಅವನು ಕಣಿವೆಯ ಮೇಲಕ್ಕೆ ಹೋಗಿಯೇ ಇರಲಿಲ್ಲ.

ತಿಪ್ಪವ್ವ ಗಡ್ಡೆಯನ್ನು ನೆಲದ ಹಾಸುಬಂಡೆಯ ಮೇಲೆ ಒತ್ತಿ ಎಳೆದಳು. ಹಳೆಯ ಗೀರುಗಳ ಪಕ್ಕ ಅಂಥದೇ ಹೊಸ ಗೀರು ಬಿತ್ತು. ಕರಗಿದ ನೀರು ಬೆಳ್ಳಗೆ ಹರಿಯಿತು. "ಕೊರೆದದ್ದು ಮಂಜುಗಡ್ಡೆ. ಇನ್ನೂ ಕೊರೆಯುತ್ತಿದೆ."

ಧೂಮಾಕ್ಷ ಪಾದದಿಂದ ಕಲ್ಲಾಗುತ್ತ ಹೋದ. ಬಾಯಿ ಕೊನೆಗೆ ಕಲ್ಲಾಯಿತು, ಅಭ್ಯಾಸಬಲ. ಮೂರು ಬಂಡೆಗಳು ಮೈಮುರಿದು ಎದ್ದವು. ಪುರೋಹಿತರು "ನಾನೂ ಅದನ್ನೇ ಹೇಳಹೊರಟಿದ್ದೆ" ಎಂದರು. ಕೆಂಚ "ಅಕ್ಕಾ, ಹಸಿವು" ಎಂದ.

ಅಂದಿನಿಂದ ಎಲ್ಲರೂ ಅದೇ ಕಣಿವೆಯಲ್ಲಿ ಸುಖವಾಗಿ ಬಾಳಿದರು. ಸಾಕ್ಷಿ ಹೇಳಲು ಹೊರಟ ಮಂಜುಗಡ್ಡೆ ಮಾತ್ರ ಇನ್ನೂ ದಾರಿಯಲ್ಲಿದೆ. ವ್ಯಾಜ್ಯ ಮುಗಿಯಿತೆಂದು ತಿಪ್ಪವ್ವ ಹೋಗಿ ಹೇಳಿದ್ದಾಳೆ, ಅದು "ಹಾಂ?" ಎನ್ನತೊಡಗಿದೆ.