ಸದ್ದಿಗೆ ಬೆನ್ನು ತಿರುಗಿಸಿ

ಬಿಸಿ ಮೇಣದ ವಾಸನೆ ಬಂದರೆ ಅವಳಿಗೆ ಈಗಲೂ ಅಪ್ಪನ ಅಂಗಡಿ ನೆನಪಾಗುತ್ತದೆ. ಅಪ್ಪ ತೊಗಲಿನ ಚೀಲ ಹೊಲಿಯುತ್ತಿದ್ದರು. ದಾರವನ್ನು ಮೇಣದ ಉಂಡೆಯ ಮೇಲೆ ಎಳೆದು, ಬೆರಳಿನ ಕಾವಿಗೆ ನೀವಿ, ಆಮೇಲೆ ಸೂಜಿಗೆ ಪೋಣಿಸುತ್ತಿದ್ದರು. ಅವರ ಮಂಡಿಗೆ ಒರಗಿ ಕೂತ ಪುಟ್ಟ ಹುಡುಗಿಗೆ ಆ ವಾಸನೆಯಲ್ಲೇ ನಿದ್ದೆ ಬರುತ್ತಿತ್ತು.

ಅದೇ ವಾಸನೆ, ಊರಿನಿಂದ ಅಷ್ಟು ದೂರ, ಬೆಟ್ಟದ ಮೇಲಿನ ತಂಗುಮನೆಯೊಂದರಲ್ಲಿ ಮೂಗಿಗೆ ಬಡಿದಾಗ ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

ಒಳಗೆ ಒಬ್ಬ ಗಂಡಸು ಮೇಣದಬತ್ತಿಗೆ ದಾರ ತಿಕ್ಕುತ್ತಾ ಹರಿದ ಬೆನ್ನುಚೀಲದ ಪಟ್ಟಿ ಹೊಲಿಯುತ್ತಿದ್ದ. ಹೊಲಿಯುತ್ತಿದ್ದ ಅನ್ನುವುದಕ್ಕಿಂತ ಚುಚ್ಚುತ್ತಿದ್ದ ಅನ್ನಬೇಕು.

"ಹೀಗೆ ಹೊಲಿದ್ರೆ ನಾಳೆ ಮಧ್ಯಾಹ್ನಕ್ಕೆ ಚೀಲ ಒಂದು ಕಡೆ, ನೀವು ಒಂದು ಕಡೆ," ಎಂದಳು.

ಅವನು ಸೂಜಿಯನ್ನು ಅವಳತ್ತ ಚಾಚಿದ. "ಬಸ್ಸು ಓಡಿಸೋ ಕೈ ಇದು. ಸ್ಟೀರಿಂಗ್ ಆದ್ರೆ ಮಾತು ಕೇಳುತ್ತೆ, ಸೂಜಿ ಕೇಳಲ್ಲ."

ಅವಳು ಕೂತು ಹೊಲಿದುಕೊಟ್ಟಳು. ಪಟ್ಟಿ ಎಳೆಯುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರಿಗೂ ಕೈ ಹಿಂದೆ ತೆಗೆದುಕೊಳ್ಳಲು ತುಸು ತಡವಾಯಿತು...

ಅಂದಿನಿಂದ ಅವನು ಡ್ರೈವರ್, ಅವಳು ಸೂಜಿ. ತಿಂಗಳುಗಟ್ಟಲೆ ನಡೆಯುವ ಆ ಕಾಲುದಾರಿಯಲ್ಲಿ ಎಲ್ಲರಿಗೂ ಇಂಥದೇ ಹೆಸರು. ಎಲ್ಲರಿಗಿಂತ ಹಿಂದೆ, ನಿಧಾನವಾಗಿ, ಆದರೆ ಒಂದು ದಿನವೂ ತಪ್ಪದೆ ತಂಗುಮನೆ ಸೇರುತ್ತಿದ್ದ ಮುದುಕಿಗೆ ಆಮೆ ಅಜ್ಜಿ.

ಬೊಬ್ಬೆ ಒಡೆದ ಕಾಲು, ಒಣಗದ ಬಟ್ಟೆ, ಇದ್ದಕ್ಕಿದ್ದಂತೆ ಅಳು ಬರುವ ಏರು, ಆಮೇಲೆ ಎಲ್ಲ ಮರೆಸುವ ಒಂದು ಬಿಸಿಲು. ಅವನ ಮಂಡಿ ಗಟ್ಟಿಯಿರಲಿಲ್ಲ. ಅದಕ್ಕೆ ದಿನಾ ಅವನೇ ಮೊದಲು ಹೊರಡುತ್ತಿದ್ದ. ಬಿಸಿಲೇರುವ ಹೊತ್ತಿಗೆ ಅವಳು ಹೋಗಿ ಜೊತೆ ಸೇರುತ್ತಿದ್ದಳು.

ಅವಳ ಬದುಕಿನಲ್ಲಿ ಓದು ಅರ್ಧಕ್ಕೆ ನಿಂತಿತ್ತು, ಗೊತ್ತಾದ ಮದುವೆ ಅರ್ಧಕ್ಕೆ ಮುರಿದಿತ್ತು. ಈ ದಾರಿಯನ್ನಾದರೂ ಕೊನೆ ಮುಟ್ಟಿಸಬೇಕು ಎಂದು ಹಟ ತೊಟ್ಟು ಬಂದವಳು ಅವಳು.

ಕೊನೆಯ ದೊಡ್ಡ ಕಣಿವೆಗೆ ಸ್ವಲ್ಪ ಮೊದಲು ಅರಣ್ಯದ ಕಾವಲುಗಾರ ಎಚ್ಚರಿಕೆ ಕೊಟ್ಟ. ಹಿಮ ಬರುತ್ತಿದೆ, ನಾಳೆ ಸಂಜೆಯೊಳಗೆ ದಾಟದವರಿಗೆ ಈ ವರ್ಷ ದಾರಿಯಿಲ್ಲ.

ಆ ಸಂಜೆ ಡ್ರೈವರ್ ಕೇಳಿದ, "ದಾರಿ ಮುಗಿದ ಮೇಲೆ ನಾವು?"

ಹೆದರಿಕೆಗೆ ನಗು ಬಂತು. "ಮುಗಿದ ಮೇಲೆ ನೀವು ನಿಮ್ಮ ಬಸ್ಸು, ನಾನು ನನ್ನ ಚೀಲ," ಎಂದುಬಿಟ್ಟಳು.

ಅವನು ಬಗ್ಗಿ ಬೆನ್ನುಚೀಲದ ಪಟ್ಟಿ ಬಿಗಿಯತೊಡಗಿದ. ಆ ಮಾತು ಮರೆಸಲೆಂದೋ ಏನೋ, ಆಮೆ ಅಜ್ಜಿ ಮುಂದಿನ ಬಂಡೆಗೋಡೆಯ ಕಥೆ ತೆಗೆದಳು. ಹಿಂದೆ ಯಾರೋ ಒಬ್ಬ ಅಲ್ಲಿ ಮಂಜಿನಲ್ಲಿ ಕಳೆದುಹೋದನಂತೆ. ಕೋಲು ಕುಟ್ಟಿದವರಿಗೆಲ್ಲ ಅವನು ಉತ್ತರ ಕೊಡುತ್ತಾನಂತೆ, ಮುಂದೆ ಮುಂದೆ ಕರೆಯುತ್ತಾನಂತೆ.

ಬೆಳಗ್ಗೆ ಎದ್ದಾಗ ಅವನ ಜಾಗ ಖಾಲಿಯಿತ್ತು. ಹೊರಗೆ ಮಂಜು. ಚಾಚಿದ ಕೈಯ ಬೆರಳು ಕಾಣದಷ್ಟು.

ಮಂಜಿನಲ್ಲಿ ನಡೆಯುವವರದೊಂದು ರೂಢಿಯಿದೆ. ಕೋಲಿನಿಂದ ಕಲ್ಲಿಗೆ ಮೂರು ಸಲ ಕುಟ್ಟಿದರೆ 'ನಾನಿದ್ದೇನೆ' ಎಂದರ್ಥ. ಕೇಳಿದವರು ಎರಡು ಸಲ ಕುಟ್ಟಬೇಕು.

ಬಂಡೆಗೋಡೆಯ ದಾರಿಗೆ ತಿರುಗಿದಾಗ ಅವಳು ಕುಟ್ಟಿದಳು.

ಟಕ್... ಟಕ್... ಮುಂದಿನಿಂದ ಉತ್ತರ ಬಂತು.

ಹೋಗಿಯೇಬಿಟ್ಟನೇ? ಒಂದು ಮಾತಿಗೆ ಇಷ್ಟು ಕೋಪವೇ? ಅವಳು ಬೀಸುಗಾಲು ಹಾಕಿದಳು. ಮತ್ತೆ ಕುಟ್ಟಿದಳು. ಉತ್ತರ ಮುಂದಿನಿಂದಲೇ, ಆದರೆ ಇನ್ನೂ ದೂರದಿಂದ. ಅವಳು ಬೇಗ ನಡೆದಷ್ಟೂ ಅದು ಕ್ಷೀಣವಾಗುತ್ತಿತ್ತು. ಹೆಸರು ಹಿಡಿದು ಕೂಗಿದಳು. ಮಂಜು ಕೂಗನ್ನು ನುಂಗಿತು.

ಮುಖಕ್ಕೆ ಏನೋ ಅಂಟಿತು. ಒರೆಸಿಕೊಂಡಳು. ಸ್ವಲ್ಪ ಮುಂದೆ ಮತ್ತೆ ಅಂಟಿತು. ಜೇಡರ ಬಲೆ.

ಅವಳ ಕಾಲು ನೆಲಕ್ಕೆ ಕಚ್ಚಿಕೊಂಡಿತು.

ದಿನಾ ಬೆಳಗ್ಗೆ ಮೊದಲು ನಡೆದವರ ಮುಖಕ್ಕೆ ಬಲೆ. ಅದನ್ನು ಹೇಳಿ ಅವನು ಎಷ್ಟು ಸಲ ಗೊಣಗಿದ್ದ! ಇಲ್ಲಿ ಅತ್ತ ಬಂಡೆಯಿಂದ ಇತ್ತ ಪೊದೆಗೆ ಎಳೆಯೂ ಹರಿಯದೆ ಬಲೆಗಳಿದ್ದವು. ಅವಳಿಗಿಂತ ಮುಂದೆ ಯಾರೂ ಹೋಗಿರಲಿಲ್ಲ.

ಹಾಗಾದರೆ ಮುಂದೆ ಕುಟ್ಟುತ್ತಿರುವವರು ಯಾರು?

ಟಕ್... ಟಕ್... ಅವಳು ಈ ಸಲ ಕುಟ್ಟಿಯೇ ಇರಲಿಲ್ಲ.

ಮುಂದೆ ಕಣಿವೆ, ಅದರಾಚೆ ದಾರಿಯ ಕೊನೆ. ಹಿಂದೆ ಹೋದರೆ ಕಣಿವೆ ದಾಟಲು ಇವತ್ತಿನ ಬೆಳಕು ಸಾಲದು, ನಾಳೆ ಹಿಮ. ಇದೂ ಅರ್ಧಕ್ಕೇ. ಆದರೆ ಅವನು ಮುಂದಿಲ್ಲ ಎಂದರೆ ಹಿಂದೆ ಎಲ್ಲೋ ಇದ್ದಾನೆ. ಕುಂಟುವ ಮಂಡಿ, ಈ ಮಂಜು.

ಅವಳು ಸದ್ದಿಗೆ ಬೆನ್ನು ತಿರುಗಿಸಿದಳು.

ಸದ್ದು ಅವಳನ್ನು ಬಿಡಲಿಲ್ಲ. ಬೆನ್ನ ಹಿಂದಿನಿಂದ ಕರೆಯುತ್ತಲೇ ಇತ್ತು, ಈಗ ಹತ್ತಿರ ಹತ್ತಿರ, ಕುತ್ತಿಗೆಯ ಬಳಿಯೇ ಕುಟ್ಟಿದ ಹಾಗೆ. ತಿರುಗಿ ನೋಡಬಾರದು, ನೋಡಬಾರದು ಎನ್ನುತ್ತಾ ಬಂಡೆ ತಡವಿಕೊಂಡು ನಡೆದಳು. ಗುಡ್ಡದ ತಿರುವು ದಾಟಿದ್ದೇ ತಡ, ಅದೇ ಸದ್ದು ಎದುರಿನಿಂದ ಕೇಳಿತು.

ಡ್ರೈವರ್ ಬಂಡೆಗೆ ಒರಗಿ ಕೂತಿದ್ದ. ಮಂಡಿ ಊದಿತ್ತು, ತುಟಿ ನೀಲಿಗಟ್ಟಿತ್ತು, ಕೈ ಮಾತ್ರ ಕುಟ್ಟುತ್ತಲೇ ಇತ್ತು. ಪಕ್ಕದಲ್ಲಿ, ಹಿಂದಿನಿಂದ ಬಂದು ಸೇರಿದ ಆಮೆ ಅಜ್ಜಿ ತನ್ನ ಶಾಲನ್ನು ಅವನ ಕಾಲಿಗೆ ಸುತ್ತಿ, ಸೂಪು ಕಾಯುತ್ತಿದ್ದ ಪುಟ್ಟ ಒಲೆಗೆ ಗಾಳಿ ತಾಗದಂತೆ ಅಡ್ಡ ಕೂತಿದ್ದಳು.

ಆದದ್ದಿಷ್ಟು. ಅವನು ನೀರು ತುಂಬಿಕೊಳ್ಳಲು ದಾರಿ ಬಿಟ್ಟು ತೊರೆಗೆ ಇಳಿದಿದ್ದ. ಆಗ ಅವಳು ಮೇಲೆ ದಾಟಿಹೋಗಿದ್ದಳು. ಅವಳ ಕುಟ್ಟುವಿಕೆ ಮುಂದೆ ಕೇಳಿ, ಬಿಟ್ಟುಹೋದಳೆಂದು ಧಾವಿಸಿ ಜಾರಿದ. ಅವನ ಉತ್ತರವನ್ನು ನೇರ ಹೋಗಲು ಗುಡ್ಡ ಬಿಡಲಿಲ್ಲ. ಎದುರಿನ ಬಂಡೆಗೋಡೆ ಅದನ್ನು ಪ್ರತಿಧ್ವನಿಸಿ ಮುಂದಿನಿಂದ ಬಂದಂತೆ ಮಾಡಿತ್ತು. ಒಬ್ಬರನ್ನೊಬ್ಬರು ಹಿಡಿಯಲು ಹೊರಟು ಇಬ್ಬರೂ ದೂರವಾಗುತ್ತಿದ್ದರು.

"ಇಳಿಯುವಾಗ ಚೀಲ ದಾರಿಯಲ್ಲೇ ಬಿಟ್ಟು ಹೋಗ್ಬೇಕು ಅಂತ ಗೊತ್ತಿಲ್ವಾ?" ಎಂದಳು ಅವಳು. "ನೋಡಿದ್ರೆ ನಿಲ್ತಿದ್ದೆನಲ್ಲ."

"ಗೊತ್ತು." ಅವನು ನೆಲ ನೋಡಿದ. "ಅಳೋ ಮುಖ ನೀವು ನೋಡ್ಬಾರದು ಅಂತ ಹೊತ್ಕೊಂಡೇ ಇಳಿದೆ."

ಅವಳು ಅವನ ಪಕ್ಕ ಕುಸಿದು ಕೂತಳು. ತಣ್ಣಗಾದ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ತೆಗೆದುಕೊಂಡಳು. ಅವನ ಕೋಲು ನೆಲಕ್ಕೆ ಬಿತ್ತು.

"ವಾಪಸ್ ಯಾಕೆ ಬಂದ್ರಿ? ಕಣಿವೆ ಮುಚ್ಚುತ್ತೆ. ಅರ್ಧಕ್ಕೆ ಬಿಡಲ್ಲ ಅಂದಿದ್ರಿ."

"ಬಿಡಲ್ಲ ಅಂತಾನೇ ಬಂದೆ," ಎಂದಳು. "ನಿನ್ನನ್ನ."

ಮೊದಲ ಸಲ 'ನೀನು' ಎಂದಿದ್ದಳು. ಅವನು ಅವಳತ್ತ ತಿರುಗಿದ.

"ಮುಂದಿನ ವರ್ಷ ಬರೋಣ್ವಾ?"

"ಬರೋಣ. ನಿನ್ನ ಮಂಡೀನ ಕೇಳಿ ಹೇಳು."

ಟಕ್... ಟಕ್...

ಬಂಡೆಗೋಡೆಯ ಆಚೆಯಿಂದ. ಕೋಲು ಅವನ ಕಾಲ ಬಳಿ ಬಿದ್ದೇ ಇತ್ತು. ಅವಳ ಕೋಲು ಮಡಿಲಲ್ಲಿತ್ತು. ಮೂವರಿಗೂ ಕೇಳಿಸಿತು. ಮೂವರೂ ಉತ್ತರ ಕೊಡಲಿಲ್ಲ. ಅವನ ಬೆರಳುಗಳು ಅವಳ ಬೆರಳುಗಳೊಳಗೆ ಇನ್ನಷ್ಟು ಬಿಗಿಯಾದವು.

ಆಮೆ ಅಜ್ಜಿ ಒಲೆ ಆರಿಸಿದಳು. ಬಟ್ಟಲಿಗೆ ಬಿಸಿ ಸೂಪು ಬಗ್ಗಿಸಿ, ತನ್ನ ಪಾಲನ್ನೂ ಅದಕ್ಕೇ ಸುರಿದು, ಒಂದು ತುಂಡು ಬ್ರೆಡ್ಡು ಮೇಲಿಟ್ಟು, ಅವಳ ಕೈಗೆ ಕೊಟ್ಟಳು.