ಅರ್ವಿಡ್ ಮೇಷ್ಟ್ರ ಮದ್ದಿನ ಡಬ್ಬ

2021ರ ಅಕ್ಟೋಬರ್ 20, ಬುಧವಾರ ಬೆಳಿಗ್ಗೆ. ಅಮೆರಿಕದ ಮೊಂಟಾನಾದ ಹ್ಯಾಲೊರನ್ ಕೌಂಟಿಯ ಷೆರಿಫ್ ಠಾಣೆಗೆ ಅರ್ವಿಡ್ ಸ್ಟೆನರ್ಸನ್ ನುಗ್ಗಿ ಬಂದಾಗ ಅವರ ಕಿವಿಗಳೆರಡೂ ಕೆಂಪಗಾಗಿದ್ದವು. ಎಪ್ಪತ್ತೊಂದು ವರ್ಷದ ಈ ನಿವೃತ್ತ ರೈಲ್ವೆ ನೌಕರರನ್ನು ಊರೆಲ್ಲ ಕೋವಿ ಮೇಷ್ಟ್ರು ಎಂದೇ ಕರೆಯುತ್ತದೆ. ಶಿಕಾರಿ ಪರವಾನಗಿ ಬೇಕಾದವರು ಮೊದಲು ಕಲಿಯಬೇಕಾದ ಸುರಕ್ಷತೆಯ ಪಾಠವನ್ನು ಮೂವತ್ತು ವರ್ಷಗಳಿಂದ ಹೇಳಿಕೊಡುತ್ತಿರುವವರು ಅವರು. ದೂರು ಬರೆದುಕೊಳ್ಳಲು ಕೂತ ತನಿಖಾಧಿಕಾರಿ ಮಾರ್ನಿ ಟ್ವೆಟೆನ್ ಕೂಡ ಚಿಕ್ಕವಳಿದ್ದಾಗ ಅವರ ಬೆಂಚಿನಲ್ಲಿ ಕೂತು ಬೈಸಿಕೊಂಡವಳೇ.

"ಬರ್ಕೋ ಮಾರ್ನಿ. ನನ್ನ ಮನೆಗೆ ಕಳ್ಳ ನುಗ್ಗಿದಾನೆ."

"ಏನು ಹೋಗಿದೆ ಮೇಷ್ಟ್ರೇ?"

"ಕೇಪು! ಇನ್ನೂರು ಕೇಪು, ಒಂದು ಡಬ್ಬ ಮದ್ದು, ಒಂದು ತೋಟೆ ಅಚ್ಚು."

"ದುಡ್ಡು, ಟಿವಿ?"

"ದುಡ್ಡು ಯಾರಿಗೆ ಬೇಕಮ್ಮ! ಅಡುಗೆಮನೆ ಮೇಜಿನ ಮೇಲೆ ನೋಟು ಹಾಗೇ ಬಿದ್ದಿವೆ. ದುಡ್ಡು ಕೊಟ್ರೆ ಕೇಪು ಸಿಗುತ್ತಾ ಈಗ?"

ಅದೂ ನಿಜವೇ. ಆ ಸೀಮೆಯಲ್ಲಿ ಹಾರಿಸಿದ ತೋಟೆಯನ್ನು ಯಾರೂ ಎಸೆಯುವುದಿಲ್ಲ. ಖಾಲಿ ಹಿತ್ತಾಳೆಯನ್ನು ಮನೆಗೆ ತಂದು, ಮದ್ದಿಗೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ಅಳೆದು ಹಾಕಿ, ಆಯಾ ಕೋವಿಯ ಅಳತೆಯ ಅಚ್ಚಿನಲ್ಲಿ ಮೇಲೆ ಗುಂಡು ಒತ್ತಿ ಮತ್ತೆ ಬಳಸುತ್ತಾರೆ. ಮೊದಲು ಅದು ಚಳಿಗಾಲದ ಕಾಲಕ್ಷೇಪವಾಗಿತ್ತು. ಕೋವಿಡ್ ಕಾಲಿಟ್ಟ ಮೇಲೆ ಅಂಗಡಿಗಳ ಕಪಾಟು ಬರಿದಾಗಿ, ಮೂವತ್ತು ಡಾಲರಿನ ಸಾವಿರ ಕೇಪಿಗೆ ನೂರೈವತ್ತು ಕೇಳುವ ಕಾಲ ಬಂತು. ಜನ ಹಕಲ್‌ಬೆರಿ ಜಾಮ್ ಕೊಟ್ಟು ಕೇಪು ತಂದರು, ಒಂದು ಗಾಡಿ ಸೌದೆ ಕೊಟ್ಟು ಮದ್ದು ತಂದರು. ಠಾಣೆಯ ಪೊಲೀಸರಿಗೇ ಗುರಿ ಅಭ್ಯಾಸ ನಿಂತು ಎಂಟು ತಿಂಗಳಾಗಿತ್ತು. ಪೊಲೀಸರ ಪಾಡೇ ಹೀಗಾದರೆ ಉಳಿದವರದ್ದನ್ನು ಕೇಳಬೇಕೆ?

ಮಾರ್ನಿ ದೂರು ದಾಖಲಿಸಿಕೊಂಡು, ಡೆಪ್ಯುಟಿ ಹಾಲಿಸ್ ಬರ್ಡ್‌ಸಾಲ್‌ನನ್ನು ಕರೆದುಕೊಂಡು ಮೇಷ್ಟ್ರ ಮನೆಗೆ ಹೊರಟಳು. ನೆಲಮಾಳಿಗೆಯ ಹೊರಬಾಗಿಲಿಗೆ ಬೀಗವೇ ಇರಲಿಲ್ಲ. ಆ ಊರಲ್ಲಿ ಬೀಗ ಹಾಕುವವರು ಬೇಸಿಗೆಯಲ್ಲಿ ಬಂದು ಹೋಗುವ ಕ್ಯಾಲಿಫೋರ್ನಿಯಾದವರು ಮಾತ್ರ. ಕೆಳಗೆ ಮೇಷ್ಟ್ರ ಕಪಾಟು ದೇವರ ಗೂಡಿನಷ್ಟು ಒಪ್ಪವಾಗಿತ್ತು. ಹಾಲಿಸ್ ಫೋಟೊ ತೆಗೆದ, ಮಾರ್ನಿ ಸ್ಥಳದ ವಿವರ ಬರೆಯತೊಡಗಿದಳು.

"ಯಾವ ಅಚ್ಚು ಹೋಗಿದ್ದು?"

"ಮುನ್ನೂರು ಸ್ಯಾವೇಜ್ ಅಳತೇದು. ನನ್ನ ಹತ್ರ ಆ ಕೋವಿನೇ ಇಲ್ಲ. ಯಾರೋ ಸತ್ತೋರ ಮನೆ ಹರಾಜಲ್ಲಿ ಬೇರೆ ಸಾಮಾನಿನ ಜೊತೆ ಬಂದಿತ್ತು."

"ಹಾಗಾದ್ರೆ ಕಳ್ಳನ ಹತ್ರ ಆ ಕೋವಿ ಇದೆ. ನಿಮ್ಮಲ್ಲಿ ಆ ಅಚ್ಚಿರೋದು ಯಾರಿಗೆ ಗೊತ್ತು?"

"ಇಡೀ ಊರಿಗೆ! ಸೆಪ್ಟೆಂಬರಿಂದ ದಿನಾ ಒಬ್ಬ ಬಂದು 'ಮೇಷ್ಟ್ರೇ, ಒಂಚೂರು ಮದ್ದು' ಅಂತ ನಿಂತ್ಕೊಂಡು ಕಪಾಟು ಪೂರ್ತಿ ನೋಡ್ಕೊಂಡು ಹೋಗಿದಾನೆ. ಎಲ್ರಿಗೂ ಒಂದೇ ಮಾತು ಅಂದು ಕಳಿಸ್ದೆ. ಇದು ಅಂಗಡಿಯಲ್ಲ."

ಅಷ್ಟರಲ್ಲಿ ಹಾಲಿಸ್ ಕಪಾಟಿನ ಬುಡದಲ್ಲಿ ಬಗ್ಗಿ ಏನನ್ನೋ ಚಿಮುಟದಲ್ಲಿ ಎತ್ತಿ ಹಿಡಿದ. ಕಾಗದದ ಅಂಟುಪಟ್ಟಿಯ ತುಂಡು. ಪಕ್ಕದಲ್ಲೇ ಇದ್ದ ಬಿಸಿಗಾಳಿ ಯಂತ್ರದ ಝಳಕ್ಕೆ ಅಂಟು ಒಣಗಿ ಸುರುಳಿಯಾಗಿತ್ತು. ಅದರ ಮೇಲೆ ಪೆನ್ನಿನಲ್ಲಿ ಬರೆದಿತ್ತು: 'ಪಿಸ್ತೂಲ್ ಮದ್ದು, ಜಾಗ್ರತೆ'.

"ಇದು ಯಾವುದರದ್ದು ಮೇಷ್ಟ್ರೇ?"

ಮೇಷ್ಟ್ರು ನೋಡಿದರು. ಕಿವಿಯ ಕೆಂಪೆಲ್ಲ ಇಳಿದು ಮುಖ ಸುಣ್ಣದಂತಾಯಿತು. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತರು.

"ಆ ಡಬ್ಬದ್ದು," ಎಂದರು. "ಕಳ್ಳ ಒಯ್ದ ಡಬ್ಬದ ಮುಚ್ಚಳದ್ದು."

ಮಾರ್ನಿ ಕೆದಕಿ ಕೇಳಿ ಎಲ್ಲವನ್ನೂ ತಿಳಿದುಕೊಂಡಳು. ಬೇಸಿಗೆಯಲ್ಲಿ ಮೇಷ್ಟ್ರೂ ಅವರ ಗೆಳೆಯರೊಬ್ಬರೂ ಪಾಲು ಹಾಕಿ ಪಿಸ್ತೂಲ್ ಮದ್ದಿನ ದೊಡ್ಡ ಕ್ಯಾನು ಕೊಂಡಿದ್ದರು. ಬಿಡಿಯಾಗಿ ಸಿಗದಿದ್ದಾಗ ಎಲ್ಲರೂ ಮಾಡುತ್ತಿದ್ದುದೇ ಅದು. ತಮ್ಮ ಪಾಲನ್ನು ಸುರಿದುಕೊಳ್ಳಲು ಬೇರೆ ಪಾತ್ರೆ ಇಲ್ಲದೆ ಮೇಷ್ಟ್ರು ಉದ್ದ ಕೋವಿಯ ಮದ್ದಿನ ಖಾಲಿ ಡಬ್ಬಕ್ಕೇ ಸುರಿದು, ಮುಚ್ಚಳಕ್ಕೊಂದು ಪಟ್ಟಿ ಅಂಟಿಸಿ ಸುಮ್ಮನಾಗಿದ್ದರು. ಕೋವಿಯ ಮದ್ದು ನಿಧಾನವಾಗಿ ಉರಿಯುತ್ತದೆ, ಪಿಸ್ತೂಲಿನದು ರಪ್ಪನೆ ಉರಿಯುತ್ತದೆ. ಅದನ್ನು ಕೋವಿಯ ಅಳತೆಗೆ ತುಂಬಿ ಕುದುರೆ ಎಳೆದರೆ ಗುಂಡು ಮುಂದೆ ಹೋಗುವ ಮೊದಲು ಕೋವಿಯೇ ಹಾರಿಸಿದವನ ಮುಖಕ್ಕೆ ಸಿಡಿಯುತ್ತದೆ. 'ಒಂದು ಮದ್ದು, ಒಂದು ಡಬ್ಬ' ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಮೇಷ್ಟ್ರೇ ಹೀಗೆ ಮಾಡಿದ್ದರು! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

"ಶನಿವಾರ ಶಿಕಾರಿ ಶುರು," ಎಂದರು ಮೇಷ್ಟ್ರು. "ಮಾರ್ನಿ, ಕೇಪು ಹಾಳಾಗ್ಲಿ. ಅವನು ಯಾರೇ ಇರ್ಲಿ, ಹೊಡೆಯೋಕೆ ಮೊದ್ಲು ಅವನನ್ನ ಹಿಡಿ."

ಮಾರ್ನಿ ಅಲ್ಲಿಂದಲೇ ಸುತ್ತಲಿನ ಮೂರು ಆಸ್ಪತ್ರೆಗಳಿಗೆ ಫೋನ್ ಮಾಡಿದಳು. ಮುಖಕ್ಕೆ, ಕೈಗೆ ಸಿಡಿತದ ಗಾಯವಾಗಿ ಬಂದವರು ಯಾರೂ ಇರಲಿಲ್ಲ.

"ರೇಡಿಯೋದಲ್ಲಿ ಹೇಳ್ಬೇಕು ಮೇಷ್ಟ್ರೇ. ಪೊಲೀಸ್ ಹೇಳಿದ್ರೆ ನಂಬಲ್ಲ. ನೀವೇ ಹೇಳ್ಬೇಕು."

"ನಾನಾ? ಡಬ್ಬ ಬದಲಾಯಿಸಿದ್ದು ನಾನೇ ಅಂತ?"

"ಹೂಂ."

ಮೇಷ್ಟ್ರು ಎದ್ದು ಕಪಾಟು ಮುಚ್ಚಿದರು. ಆಮೇಲೆ ಕೋಟು ತೊಟ್ಟರು.

ಆ ಸಂಜೆಯ ರೇಡಿಯೋ ಸುದ್ದಿಯಲ್ಲಿ ಅವರು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದರು. ಆದರೆ ಆದದ್ದೇ ಬೇರೆ. ಮರುದಿನ ಬೆಳಿಗ್ಗೆ ಮಾರ್ನಿ ಕೆಫೆಯಲ್ಲಿ ಕಾಫಿಗೆ ನಿಂತಿದ್ದಾಗ ಹಿಂದಿನ ಮೇಜಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಏನ್ ಐನಾತಿ ಮುದುಕ ಮಾರಾಯ! ಕದ್ದೋನೇ ಹೆದರ್ಕೊಂಡು ತಂದಿಡ್ಲಿ ಅಂತ ಕತೆ ಕಟ್ಟಿದಾನೆ."

"ಅಲ್ದೆ ಮತ್ತೆ? ಕೋವಿ ಮೇಷ್ಟ್ರು ಡಬ್ಬ ಬದಲಾಯಿಸ್ತಾನಾ? ಪಾದ್ರಿ ಬೇಕಾದ್ರೆ ಕುಡ್ಕೊಂಡು ಚರ್ಚಿಗೆ ಬಂದಾನು!"

ಮಾರ್ನಿ ತಿರುಗಿ ನಿಂತು, ಅದು ಕತೆಯಲ್ಲ, ಸತ್ಯ ಎಂದಳು. ಅವರು ಇನ್ನಷ್ಟು ನಕ್ಕರು. ಅವಳಿಗೆ ಮೈ ಉರಿದುಹೋಯಿತು. ಒಬ್ಬ ಮನುಷ್ಯನ ಮೂವತ್ತು ವರ್ಷದ ಒಳ್ಳೆಯ ಹೆಸರೇ ಈಗ ಅವನ ಮಾತಿಗೆ ಅಡ್ಡ ನಿಂತಿತ್ತು.

ಗುರುವಾರವಿಡೀ ಅವಳೂ ಹಾಲಿಸನೂ ಅಲೆದರು. ಕೋವಿ ರಿಪೇರಿಯವನು ಆ ಅಳತೆಯ ಕೋವಿ ಇರುವ ಮೂರು ಮನೆ ತೋರಿಸಿದ. ಒಂದು ಕೋವಿ ಗೋಡೆಯ ಮೇಲೆ ಧೂಳು ತಿನ್ನುತ್ತಿತ್ತು, ಒಂದು ದೂರದ ಊರಿಗೆ ಮಾರಾಟವಾಗಿತ್ತು, ಮೂರನೆಯದರ ಒಡೆಯ ಕಾಲು ಮುರಿದುಕೊಂಡು ಮಲಗಿದ್ದ. ಆ ರಾತ್ರಿ ಮಾರ್ನಿಗೆ ನಿದ್ದೆ ಹತ್ತಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವಳು ಹಾರ್ಡ್‌ವೇರ್ ಅಂಗಡಿಗೆ ಹೋದಳು. ಒಡತಿ ಜೋಸೆಟ್ ಎರಡು ದಿನ ಊರಲ್ಲಿರಲಿಲ್ಲ, ಅಂದೇ ಬಂದಿದ್ದಳು.

"ಮುನ್ನೂರು ಸ್ಯಾವೇಜ್ ಕೇಳ್ಕೊಂಡು ಯಾರಾದ್ರೂ ಬರ್ತಿದ್ರಾ?"

"ಲಾರಿ ಬರೋ ದಿನ ಬೆಳಿಗ್ಗೆ ಐವತ್ತು ಜನ ಸಾಲು ನಿಲ್ತಾರೆ. ಯಾರು ಏನು ಕೇಳಿದ್ರು ಅಂತ ಹೇಗೆ ನೆನಪಿರುತ್ತೆ?"

"ಒಂಚೂರು ಯೋಚ್ನೆ ಮಾಡು. ಹಳೇ ಅಳತೆ ಅದು."

"ತಡಿ, ತಡಿ. ಜೀನು ತಂದಿದ್ನಲ್ಲ ಒಬ್ಬ!" ಜೋಸೆಟ್ ಕೈ ತಟ್ಟಿದಳು. "ಕುದುರೆ ಜೀನು ಕಣೇ. ಕೆತ್ತನೆ ಕೆಲಸದ್ದು, ಸಾವಿರ ಡಾಲರ್ ಬಾಳುತ್ತೆ. ಒಂದು ಪೆಟ್ಟಿಗೆ ತೋಟೆಗೆ ಅದನ್ನೇ ಕೊಡ್ತೀನಿ ಅಂದ. ನನ್ನ ಹತ್ರ ಇದ್ರೆ ತಾನೇ? ಪಾಪ, ಹೊತ್ಕೊಂಡು ವಾಪಸ್ ಹೋದ. ರಾಯ್ಸ್ ಪೆಂಗ್ರ. ಹೈವೇಲಿ ಹಿಮ ತೆಗೆಯೋ ಗಾಡಿ ಓಡಿಸ್ತಾನಲ್ಲ, ಅವನು."

ರಾಯ್ಸ್‌ನ ಮನೆ ಮುಚ್ಚಿತ್ತು. ಪಕ್ಕದ ಮನೆಯವಳು ಹೇಳಿದಳು: ರಾಯ್ಸನೂ ಅವನ ಮುದಿ ತಂದೆ ಎಮ್ಮೆಟ್ಟೂ ಗುರುವಾರವೇ ಟೆಂಪರೆನ್ಸ್ ಕ್ರೀಕ್ ಬಳಿಯ ಬಿಡಾರಕ್ಕೆ ಹೋದರು. ಅಲ್ಲಿ ಫೋನ್ ಸಿಗುವುದಿಲ್ಲ. ಮದ್ದನ್ನು ಗುರುತಿಸಲು ಬೇಕೆಂದು ಮಾರ್ನಿ ಮೇಷ್ಟ್ರಿಗೂ ಹೇಳಿಕಳಿಸಿದಳು. ಅವರು ತಮ್ಮ ಪಿಕಪ್ ಹತ್ತಿ ಹಿಂದೆಯೇ ಬಂದರು.

ಕಾಡಿನ ಮಣ್ಣುರಸ್ತೆಯ ಕೊನೆಯ ಏರಿನಲ್ಲಿದ್ದಾಗ ಮೇಲುಗಡೆ ಎಲ್ಲೋ ಢಂ ಎಂದು ಒಂದು ಗುಂಡಿನ ಸದ್ದು ಕೇಳಿತು. ಹಾಲಿಸ್ ಬ್ರೇಕ್ ತುಳಿದ.

"ಮೇಡಂ..."

"ಓಡಿಸು!" ಎಂದಳು ಮಾರ್ನಿ.

ಬಿಡಾರದಲ್ಲಿ ಡೇರೆಯ ಮುಂದೆ ಬೆಂಕಿ ಉರಿಯುತ್ತಿತ್ತು, ಬಾಣಲೆಯಲ್ಲಿ ಬೀನ್ಸ್ ಕುದಿಯುತ್ತಿತ್ತು. ರಾಯ್ಸ್ ಸೌದೆ ಒಡೆಯುತ್ತಿದ್ದ. ಎಂಬತ್ತರ ಎಮ್ಮೆಟ್ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಕೋವಿ ಇಟ್ಟುಕೊಂಡು ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದರು. ಎರಡೂ ಕೈ ಇದ್ದವು, ಮುಖವೂ ನೆಟ್ಟಗಿತ್ತು.

"ಎಮ್ಮೆಟ್, ಆ ಕೋವಿ ಕೆಳಗಿಡಿ."

"ಯಾಕಮ್ಮ? ಪರವಾನಗಿ ಜೇಬಲ್ಲೇ ಇದೆ."

"ಇಡಿ ಅಂದೆ! ಈಗ ಹೊಡೆದಿದ್ದು ನೀವಾ?"

"ಅದು ಆಚೆ ಬಿಡಾರದೋರು. ದುಡ್ಡಿರೋ ಜನ, ಗುರಿ ನೋಡ್ಕೊಳ್ತಿದಾರೆ." ಮುದುಕ ಕೋವಿಯನ್ನು ಮೆಲ್ಲಗೆ ಕಂಬಳಿಯ ಮೇಲಿಟ್ಟರು. "ಇವನೂ ನಿನ್ನೆಯಿಂದ ತಲೆ ತಿಂತಾನೆ, ಒಂದು ಹೊಡೆದು ನೋಡಪ್ಪ, ಒಂದು ಹೊಡೆದು ನೋಡಪ್ಪ ಅಂತ. ಇರೋದೇ ಇಪ್ಪತ್ತು ತೋಟೆ! ಈ ಬೆಲೇಲಿ ಖಾಲಿ ಡಬ್ಬಕ್ಕೆ ಗುಂಡು ಹೊಡೆಯೋಕೆ ನನಗೇನು ಹುಚ್ಚಾ? ಮೊದಲನೇ ಗುಂಡು ಎಲ್ಕ್ ಜಿಂಕೆಗೇ."

ಹೋದ ಜೀವ ಬಂದಂತಾಗಿ ಮಾರ್ನಿ ಅಲ್ಲೇ ಮರದ ದಿಮ್ಮಿಯ ಮೇಲೆ ಕೂತುಬಿಟ್ಟಳು. ಆ ಜಿಪುಣ ಮುದುಕನ ಬೋಳು ತಲೆಗೊಂದು ಮುತ್ತು ಕೊಟ್ಟುಬಿಡಬೇಕೆನಿಸಿತು ಅವಳಿಗೆ. ಬೆಲೆಯೇರಿಕೆಗೆ ಹಿಡಿಶಾಪ ಹಾಕದ ಮನುಷ್ಯ ಆ ಕೌಂಟಿಯಲ್ಲಿರಲಿಲ್ಲ, ಆದರೆ ಅವತ್ತು ಅದೇ ಒಂದು ಜೀವ ಉಳಿಸಿತ್ತು.

ರಾಯ್ಸ್ ಕೊಡಲಿ ಕೆಳಗಿಟ್ಟಿದ್ದ. ಪೊಲೀಸರ ಹಿಂದೆ ಮೇಷ್ಟ್ರು ಇಳಿದು ಬಂದದ್ದನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ತೋಟೆ ತುಂಬಿದ್ದು ಯಾರು?" ಮಾರ್ನಿ ಕೇಳಿದಳು.

"ನಾನೇ."

"ತುಂಬೋಕೆ ಯಾರು ಕಲಿಸಿದ್ರು?"

"ಫೋನಲ್ಲಿ ವಿಡಿಯೋ ನೋಡ್ದೆ."

"ಮದ್ದು ಎಲ್ಲಿಂದ ಬಂತು?"

ಅವನು ಅಪ್ಪನ ಕಡೆ ನೋಡಿದ.

"ಬುಧವಾರ ರೇಡಿಯೋ ಕೇಳಿದ್ರಾ?"

"ಕೇಳ್ದೆ. ನನ್ನ ಹಿಡಿಯೋಕೆ ಹೂಡಿದ ಆಟ ಅಂದ್ಕೊಂಡೆ."

ಮೇಷ್ಟ್ರು ತಾವು ತಂದಿದ್ದ ಸಲಕರಣೆಯಿಂದ ಒಂದು ತೋಟೆಯ ಗುಂಡು ಕಿತ್ತು, ಒಳಗಿನದನ್ನು ಬಿಳಿ ಕಾಗದದ ಮೇಲೆ ಸುರಿದರು. ಕೋವಿಯ ಮದ್ದು ಸಣ್ಣ ಕಡ್ಡಿಗಳಂತಿರುತ್ತದೆ. ಕಾಗದದ ಮೇಲೆ ಬಿದ್ದದ್ದು ಚಪ್ಪಟೆ ಚಕ್ಕೆಗಳು.

"ನೋಡು ರಾಯ್ಸ್. ಪಿಸ್ತೂಲಿಂದು," ಎಂದರು ಮೇಷ್ಟ್ರು. "ಡಬ್ಬ ಬದಲಾಯಿಸಿದ್ದು ನಾನು. ನಿಮ್ಮಪ್ಪ ಒಂದೇ ಒಂದು ಹೊಡೆದಿದ್ರೆ..." ಟೋಪಿ ತೆಗೆದು ಕಣ್ಣೊರೆಸಿಕೊಂಡರು.

ಎಮ್ಮೆಟ್ ಮಗನ ಕಡೆ ತಿರುಗಿದರು. "ಬಿಲ್ಲಿಂಗ್ಸ್‌ನಲ್ಲಿ ತಗೊಂಡೆ ಅಂದ್ಯಲ್ಲೋ?"

"ಸುಳ್ಳು ಹೇಳ್ದೆ ಅಪ್ಪ. ಎಲ್ಲೂ ಸಿಗ್ಲಿಲ್ಲ. ಇವರ ಮನೆಗೂ ಹೋಗಿ ಕೇಳ್ದೆ. ಇದು ಅಂಗಡಿಯಲ್ಲ ಅಂತ ಬಾಗ್ಲು ಹಾಕಿದ್ರು."

"ಹೌದು," ಎಂದರು ಮೇಷ್ಟ್ರು. "ಹಾಕಿದ್ದೆ."

ಮಧ್ಯಾಹ್ನ ಮೂರೂವರೆಗೆ ಹತ್ತೊಂಬತ್ತು ತೋಟೆ, ಬಿಚ್ಚಿದ ಒಂದು, ರಾಯ್ಸ್‌ನ ಗಾಡಿಯಲ್ಲಿದ್ದ ಡಬ್ಬ, ಅಚ್ಚು ಮತ್ತು ಉಳಿದ ಕೇಪುಗಳನ್ನು ಜಪ್ತಿ ಮಾಡಲಾಯಿತು. ಕದಿಯಲೆಂದು ಮನೆ ಹೊಕ್ಕರೆ ಅದು ಸಣ್ಣ ಗುನ್ನೆಯಲ್ಲ, ಬಿಟ್ಟು ಹೋಗುವ ಅಧಿಕಾರ ಮಾರ್ನಿಗಿರಲಿಲ್ಲ. ಅವಳು ರಾಯ್ಸ್‌ಗೆ ಅವನ ಹಕ್ಕುಗಳನ್ನು ಓದಿ ಹೇಳಿ ಬಂಧಿಸಿದಳು.

"ನನ್ನ ಕರ್ಕೊಂಡ್ ಹೋಗಿ," ಎಂದ ಅವನು. "ಆದ್ರೆ ಅಪ್ಪ ಇಲ್ಲಿ ಒಬ್ನೇ ಆಗ್ತಾನೆ. ಕತ್ತಲಾದ್ರೆ ಕಣ್ಣು ಕಾಣಲ್ಲ."

"ನಾನಿರ್ತೀನಿ," ಎಂದರು ಮೇಷ್ಟ್ರು. ಯಾರೂ ಅವರನ್ನು ಕೇಳಿರಲಿಲ್ಲ. "ಗಾಡೀಲಿ ನನ್ನ ಕೋವಿ ಇದೆ, ತೋಟೆನೂ ಇದೆ. ನಾಳೆ ಬೆಳಿಗ್ಗೆ ನಾನೇ ಶಿಕಾರಿಗೆ ಕರ್ಕೊಂಡು ಹೋಗ್ತೀನಿ."

"ಕಳ್ಳನ ಅಪ್ಪನ್ನಾ?" ಎಂದರು ಎಮ್ಮೆಟ್ ಗಡುಸಾಗಿ.

"ಹೋಗ್ಲಿ ಬಿಡಿ ಮಾರಾಯ್ರೇ. ಬೀನ್ಸ್ ಸೀಯ್ತಾ ಇದೆ, ಕೆಳಗಿಳಿಸಿ."

ಊರಿಗೆ ಮರಳುವ ದಾರಿಯಲ್ಲಿ ರಾಯ್ಸ್ ಉಳಿದದ್ದನ್ನು ಹೇಳಿದ, ಮಾರ್ನಿ ಹೇಳಿಕೆ ಬರೆದುಕೊಂಡಳು. ತಂದೆಯ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದೂ ಚಳಿಗಾಲ ದಾಟುವುದಿಲ್ಲ ಎಂದು ಆಗಸ್ಟಿನಲ್ಲೇ ಡಾಕ್ಟರು ಮಗನಿಗೂ ತಂದೆಗೂ ಹೇಳಿದ್ದರು. ಮುದುಕ ಅಳಲಿಲ್ಲ. ಹಾಗಾದರೆ ಈ ಸಲ ಶಿಕಾರಿಗೆ ತಮ್ಮಪ್ಪನ ಆ ಹಳೇ ಕೋವಿ ಹಿಡಿದು ಹೋಗಬೇಕು ಎಂದರಂತೆ. ಬದುಕಿನಲ್ಲಿ ಮಗನನ್ನು ಅವರು ಕೇಳಿದ್ದು ಅದೊಂದೇ. ಇಷ್ಟು ಹೇಳಿ ರಾಯ್ಸ್ ಬೇಡಿ ಹಾಕಿದ ಕೈಯಲ್ಲಿ ಮುಖ ಮುಚ್ಚಿಕೊಂಡ.

"ನನ್ನ ಕೈಯಾರೆ ತುಂಬಿ ಕೊಟ್ಟಿದ್ದೆ ಮೇಡಂ," ಎಂದ. "ಹೊಡೆದು ನೋಡು, ಹೊಡೆದು ನೋಡು ಅಂತ ನಾನೇ ಪೀಡಿಸ್ತಿದ್ದೆ."

ಹಾಲಿಸ್ ಕನ್ನಡಿಯಲ್ಲಿ ಅವನನ್ನು ನೋಡಿ ಹೀಟರ್ ಸ್ವಲ್ಪ ಹೆಚ್ಚು ಮಾಡಿದ.

ಶನಿವಾರ ಮಧ್ಯಾಹ್ನ ಮಾರ್ನಿ ಠಾಣೆಯಲ್ಲಿ ವರದಿ ಮುಗಿಸುತ್ತಿದ್ದಾಗ ಫೋನ್ ಬಂತು. ಮೇಷ್ಟ್ರು ಹೆದ್ದಾರಿಯವರೆಗೆ ಇಳಿದು ಬಂದು ಕರೆ ಮಾಡಿದ್ದರು. ಅವರು ಹೇಳಿದ್ದನ್ನು ಕೇಳಿಕೊಂಡು ಅವಳು ಹಿಂದಿನ ಲಾಕಪ್ಪಿಗೆ ಹೋದಳು. ರಾಯ್ಸ್ ತಟ್ಟನೆ ಎದ್ದು ನಿಂತ.

"ಅಪ್ಪ..."

"ಐದು ತೋಟೆ ಸುಟ್ಟಿದಾರೆ. ಐದೂ ಗುರಿ ತಪ್ಪಿದೆ. ಎಲ್ಕ್ ನಿಂತ್ಕೊಂಡು ಇವರ ಮುಖಾನೇ ನೋಡ್ತಿತ್ತಂತೆ. ಮೇಷ್ಟ್ರು ಬಾಯಿ ಬಡ್ಕೋತಿದಾರೆ, ಐದೂ ದಂಡ ಅಂತ."

"ಅಪ್ಪ ಏನಂದ?"

"ಮೇಷ್ಟ್ರ ಕೋವಿನೇ ಡೊಂಕು ಅಂದ್ರಂತೆ. ಆರನೇದು ಕೊಡು ಅಂತ ಜಗಳ ಆಡಿದ್ರಂತೆ."

ರಾಯ್ಸ್ ಕಂಬಿ ಹಿಡಿದುಕೊಂಡು ನಕ್ಕ. ನಗುತ್ತ ನಗುತ್ತಲೇ ಅಳು ಬಂತು, ತೋಳಿನಲ್ಲಿ ಮೂಗೊರೆಸಿಕೊಂಡ.

"ಮೇಷ್ಟ್ರು ಕೊಟ್ರಾ?"

"ಕೊಟ್ರು," ಎಂದಳು ಮಾರ್ನಿ.